12 ಅಡಿ ಕಯಾಕ್, ಚಿಕ್ಕ ಕಾರು: ಬೆಂಗಳೂರಿನಿಂದ ನಾವುಂದಕ್ಕೆ ಹೇಗೆ ಕಟ್ಟಿ ತರಲಿ?

ಸೌಪರ್ಣಿಕಾ ಮಗಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಒಬ್ಬರಿಂದ ಹಳೆಯ ಕಯಾಕ್ ಒಂದನ್ನು ಕೊಂಡಿದ್ದೇನೆ. 12 ಅಡಿ ಉದ್ದ, 28 ಕೆಜಿ ತೂಕ. ಮೇಲೆ ಕೂತು ಹುಟ್ಟು ಹಾಕುವ ಥರದ್ದು, ದಪ್ಪ ಪ್ಲಾಸ್ಟಿಕ್. ಇದನ್ನು ನಾವುಂದದ ನಮ್ಮ ಮನೆಗೆ ತರಬೇಕು. ಮನೆ ಹಿಂದೆ ತೋಟ ದಾಟಿದರೆ ಸೌಪರ್ಣಿಕಾ ಹೊಳೆ. ಅಪ್ಪನಿಗೆ ಈಗ 68 ವರ್ಷ. ಮರದ ದೋಣಿ ಎಳೆದು ನೀರಿಗೆ ಇಳಿಸುವ ಶಕ್ತಿ ಇಲ್ಲ, ಆದರೆ ಹೊಳೆ ಬಿಟ್ಟು ಇರುವುದು ಅವರಿಂದ ಆಗುವುದಿಲ್ಲ. ಅದಕ್ಕೇ ಇದು.

ನನ್ನ ಕಾರು ನಾಲ್ಕು ಮೀಟರ್ ಒಳಗಿನ ಚಿಕ್ಕ ಎಸ್‌ಯುವಿ. ಮೇಲೆ ಎರಡೂ ಬದಿಗೆ ಉದ್ದಕ್ಕೆ ರೂಫ್ ರೈಲ್ ಇದೆ. ಅಡ್ಡ ಪಟ್ಟಿ ಇಲ್ಲ. ಮನೆಯಲ್ಲಿ 20 ಮೀಟರ್ ನೀಲಿ ಪ್ಲಾಸ್ಟಿಕ್ ಹಗ್ಗ ಇದೆ, ಎರಡು ಹಳೆ ಕಂಬಳಿ ಇವೆ. ಕಂಬಳಿ ಹಾಸಿ, ರೈಲಿಗೇ ಹಗ್ಗ ಬಿಗಿದು ತಂದರೆ ಸಾಕಾ? ಬೆಂಗಳೂರು, ತುಮಕೂರು, ಕಡೂರು ದಾಟಿ ಶಿವಮೊಗ್ಗದಲ್ಲಿ ತಂಗಿ ಮನೆಯಲ್ಲಿ ಒಂದು ರಾತ್ರಿ. ಮರುದಿನ ಹುಲಿಕಲ್ ಘಾಟಿ ಇಳಿದು ಕುಂದಾಪುರ. ಗಾಡಿ ಓಡಿಸುವುದು ನಾನೊಬ್ಬಳೇ.

ಘಾಟಿ ಮತ್ತು ಮರವಂತೆ ಗಾಳಿ, ಎರಡರದೂ ಭಯ ಇದೆ. ಅನುಭವ ಇದ್ದವರು ದಯವಿಟ್ಟು ಹೇಳಿ.

---

ಕೋಟೆಬೀದಿ

ಮೇಡಂ, ಸುಮ್ನೆ ಯಾಕೆ ತಲೆನೋವು? ಕರಾವಳಿಯಿಂದ ಮೀನು ತರುವ ಗಾಡಿಗಳು ಬೆಂಗಳೂರಿಂದ ಖಾಲಿ ವಾಪಸ್ ಹೋಗುತ್ತಿರುತ್ತವೆ. ಕೇಳಿ ನೋಡಿ, ಒಬ್ಬರಾದರೂ ಒಪ್ಪುತ್ತಾರೆ. 28 ಕೆಜಿ ಅವರಿಗೆ ಲೆಕ್ಕಕ್ಕೇ ಇಲ್ಲ. ಆದರೆ ಒಂದು ಮಾತು. ಮೇಲೆ ಬೇರೆ ಸಾಮಾನು ಹೇರಬೇಡಿ ಅಂತ ಮೊದಲೇ ಹೇಳಿಡಿ.

---

ತುಂಗಾ ದಂಡೆ

ಅಕ್ಕ, ನಾನು ಶಿವಮೊಗ್ಗದವನು. ಏಳು ವರ್ಷದಿಂದ ಕಯಾಕನ್ನು ಕಾರಿನ ತಲೆ ಮೇಲೆ ಕಟ್ಟಿಕೊಂಡು ಓಡಾಡುತ್ತಿದ್ದೇನೆ. ಮೀನಿನ ಗಾಡಿಯ ಸಲಹೆ ಕೆಟ್ಟದ್ದಲ್ಲ. ಆದರೆ ನಾಳೆ ನೀವು ಅದನ್ನು ಬೇರೆ ಹೊಳೆಗೆ ಒಯ್ಯಬೇಕು ಅಂದರೆ ಕಟ್ಟುವುದು ಗೊತ್ತಿರಲೇಬೇಕು ಅಲ್ವಾ? ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ.

ಮೊದಲ ಮಾತು ಹಗ್ಗದ್ದಲ್ಲ, ರೈಲಿನದು. ನಮ್ಮಲ್ಲಿ ಎಷ್ಟೋ ಕಾರುಗಳ ಮೇಲಿರುವ ರೂಫ್ ರೈಲ್ ಬರೀ ಅಂದಕ್ಕೆ ಕೂರಿಸಿದ್ದು. ನೋಡಲು ಎಲ್ಲ ಒಂದೇ ಥರ. ಕೆಲವು ಒಳಗಿನ ತಗಡಿಗೆ ಬೋಲ್ಟ್ ಹಾಕಿ ನಿಲ್ಲಿಸಿದ್ದು, ಕೆಲವು ಪ್ಲಾಸ್ಟಿಕ್ ಕ್ಲಿಪ್ಪು, ಅಂಟು ಪಟ್ಟಿ ಮೇಲೆ ನಿಂತದ್ದು. ಇದು ನನಗೆ ಹೇಗೆ ಗೊತ್ತಾಯಿತು ಅಂತ ಹೇಳುತ್ತೇನೆ.

ನನ್ನ ಕಯಾಕನ್ನೂ ಬೆಂಗಳೂರಿಂದಲೇ ತಂದದ್ದು, ನೀವು ಬರುವ ಇದೇ ರಸ್ತೆಯಲ್ಲಿ. ರೈಲಿಗೆ ಅಡ್ಡ ಪಟ್ಟಿ ಕಚ್ಚಿಸಿ, ಅದರ ಮೇಲೆ ಕಯಾಕ್ ಇಟ್ಟು ಬಿಗಿದಿದ್ದೆ. ನೆಲಮಂಗಲ ದಾಟಿ ಡಾಬಸ್‌ಪೇಟೆ ಹತ್ತಿರ ಬರುವಾಗ ಬೆಳಿಗ್ಗೆ ಏಳೂವರೆ. ಬಿಸಿಲು ಹಿಂದಿನಿಂದ ಬೀಳುತ್ತಿತ್ತು. ಕಾರಿನ ನೆರಳು ಮುಂದೆ ರಸ್ತೆ ಮೇಲೆ ಉದ್ದಕ್ಕೆ ಚಾಚಿತ್ತು. ಆ ನೆರಳಿನಲ್ಲಿ ಕಯಾಕಿನ ಮೂತಿ ಕಾಳು ಹೆಕ್ಕುವ ಕೋಳಿಯ ಹಾಗೆ ಮೇಲೆ ಕೆಳಗೆ ಆಡುತ್ತಿತ್ತು. ವೇಗ ಆಗ 90. ಎದೆ ಧಸಕ್ ಅಂತು. ನಿಧಾನ ಮಾಡಿ ಒಂದು ಪೆಟ್ರೋಲ್ ಬಂಕಿಗೆ ನುಗ್ಗಿಸಿ ಇಳಿದು ನೋಡಿದೆ. ಕಯಾಕ್ ಕಟ್ಟಿದ ಪಟ್ಟಿ ಇದ್ದಷ್ಟೇ ಬಿಗಿ. ಒಂದಿಷ್ಟೂ ಸಡಿಲ ಆಗಿರಲಿಲ್ಲ. ಎಡಗಡೆ ರೈಲಿನ ಮುಂದಿನ ಕಾಲು ಮಾತ್ರ ತಗಡಿನಿಂದ ಒಂದು ಬೆರಳಿನಷ್ಟು ಎದ್ದಿತ್ತು. ಕೆಳಗೆ ಬಗ್ಗಿ ನೋಡಿದರೆ ಅಂಟು ಪಟ್ಟಿಯ ಅಂಟು ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಜಗ್ಗಿಕೊಂಡಿತ್ತು. ಇನ್ನು ಐದು ನಿಮಿಷ ಅದೇ ವೇಗದಲ್ಲಿ ಹೋಗಿದ್ದರೆ ರೈಲು, ಪಟ್ಟಿ, ಕಯಾಕ್ ಎಲ್ಲ ಒಟ್ಟಿಗೆ ಹಾರುತ್ತಿತ್ತು. ನನ್ನ ಹಿಂದೆ ಒಂದು ಬೈಕಿನಲ್ಲಿ ಗಂಡ, ಹೆಂಡತಿ, ಮಧ್ಯೆ ಮಗು ಬರುತ್ತಿದ್ದರು. ಬಂಕಿನ ಎದುರು ನಾನು ನಿಂತಿದ್ದಾಗ ಅವರು ಪಕ್ಕದಲ್ಲೇ ಹಾದು ಹೋದರು. ಆ ಮಗುವಿನ ಕೆಂಪು ಟೋಪಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಆ ದಿನ ಬಾಗಿಲುಗಳ ಒಳಗಿಂದ ಹಗ್ಗ ಸುತ್ತಿ, ಸರ್ವೀಸ್ ರಸ್ತೆ ಸಿಕ್ಕ ಕಡೆಯೆಲ್ಲ ಅದರಲ್ಲೇ, 40ರ ಮೇಲೆ ಹೋಗದೆ ತುಮಕೂರಿಗೆ ಬಂದು ಪರಿಚಯದವರ ಮನೆಯಲ್ಲಿ ಕಯಾಕ್ ಇಳಿಸಿದೆ. ಆಮೇಲೆ ಸರಿಯಾದ ಕ್ಯಾರಿಯರ್ ಕೂರಿಸಿಕೊಂಡು ಹೋಗಿ ತಂದೆ.

ಆದ್ದರಿಂದ ನಿಮ್ಮ ಕಾರಿನ ಜೊತೆ ಕೊಟ್ಟ ಪುಸ್ತಕ ತೆಗೆಯಿರಿ. ಛಾವಣಿ ಮೇಲೆ ಎಷ್ಟು ಕೆಜಿ ಹೇರಬಹುದು ಅಂತ ಬರೆದಿರುತ್ತದೆ. ಸಾಮಾನ್ಯವಾಗಿ ಅದು 50ರಿಂದ 75 ಕೆಜಿ. ಆ ಲೆಕ್ಕದಲ್ಲಿ ಅಡ್ಡ ಪಟ್ಟಿಗಳ ತೂಕವೂ ಸೇರಬೇಕು. ನಿಮ್ಮ ಕಯಾಕ್ 28, ಪಟ್ಟಿಗಳು ಒಂದು ಐದಾರು ಅಂದರೂ 34. ತೂಕದ ತೊಂದರೆ ಇಲ್ಲ. ರೈಲಿನ ಮೇಲೆ ಭಾರ ಹಾಕಬೇಡಿ ಅಂತ ಬರೆದಿದ್ದರೆ, ಅಥವಾ ಸಂಖ್ಯೆಯೇ ಕೊಟ್ಟಿಲ್ಲದಿದ್ದರೆ ಆ ರೈಲನ್ನು ಮರೆತುಬಿಡಿ. ಬಾಗಿಲ ಚೌಕಟ್ಟಿನ ಅಂಚಿಗೆ ಕಚ್ಚುವ ಅಡ್ಡ ಪಟ್ಟಿಗಳು ಬರುತ್ತವೆ. ಅದರ ಹಿಡಿ ನಿಮ್ಮ ಕಾರಿನ ಮಾಡೆಲ್‌ಗೇ ಹೊಂದುವುದಾಗಿರಬೇಕು. ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಎರಡು ಪಟ್ಟಿಗಳ ನಡುವೆ ಎಷ್ಟು ಅಂತರ ಸಿಗುತ್ತದೋ ಅಷ್ಟು ಒಳ್ಳೆಯದು. ಚಿಕ್ಕ ಕಾರಿನಲ್ಲಿ 70–80 ಸೆಂಟಿಮೀಟರ್ ಸಿಕ್ಕರೆ ಸಾಕು.

ನೀಲಿ ಹಗ್ಗ ಬೇಡ. ಅದು ನೈಲಾನ್ ಆಗಿದ್ದರೆ ಜಗ್ಗುತ್ತದೆ, ಮಳೆಯಲ್ಲಿ ನೆಂದರೆ ಇನ್ನೂ ಜಾಸ್ತಿ ಜಗ್ಗುತ್ತದೆ. ಇಲ್ಲಿ ಬಿಗಿದದ್ದು ಹುಲಿಕಲ್‌ನಲ್ಲಿ ಜೋತು ಬಿದ್ದಿರುತ್ತದೆ. ಒಂದು ಇಂಚು ಅಗಲದ ಪಾಲಿಯೆಸ್ಟರ್ ಪಟ್ಟಿ, ನಾಲ್ಕು ಮೀಟರಿನದು, ಎರಡು ತನ್ನಿ. ಹೆಬ್ಬೆರಳಿನಿಂದ ಒತ್ತಿದರೆ ಹಲ್ಲು ಬಿಡುವ ಬಕಲ್ ಇರುತ್ತದಲ್ಲ, ಅದೇ ಬೇಕು. ಕೈಬಲದಲ್ಲಿ ಎಳೆದಷ್ಟೇ ಬಿಗಿ. ಲಾರಿಯವರು ಕಟಕಟ ಅಂತ ತಿರುಗಿಸುವ ರ‍್ಯಾಚೆಟ್ ಪಟ್ಟಿ ಕಯಾಕಿಗೆ ಶತ್ರು. ಬಿಗಿ ಎಷ್ಟಾಯಿತು ಅಂತ ಕೈಗೆ ಗೊತ್ತೇ ಆಗುವುದಿಲ್ಲ. ಈ ಪ್ಲಾಸ್ಟಿಕ್ ಬಿಸಿಲಿಗೆ ಮೆತ್ತಗಾಗುತ್ತದೆ. ಒಮ್ಮೆ ನಾನು ಹಾಗೆ ಬಿಗಿದು ಬೀರೂರಿನಲ್ಲಿ ಬಿಸಿಲಲ್ಲಿ ಗಾಡಿ ನಿಲ್ಲಿಸಿ ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ಪಟ್ಟಿ ಇದ್ದಲ್ಲೆಲ್ಲ ಅಂಗೈ ಅಗಲದ ತಗ್ಗು. ಮನೆಗೆ ಬಂದು ಬಿಸಿನೀರು ಸುರಿದು ಒಳಗಿನಿಂದ ತಳ್ಳಿ ಮುಕ್ಕಾಲು ಪಾಲು ಸರಿ ಮಾಡಿದೆ.

ಕಯಾಕನ್ನು ಕವುಚಿ ಇಡಿ. ಕೂರುವ ಭಾಗ ಕೆಳಗೆ, ತಳ ಮೇಲೆ. ಅಂಚುಗಳು ತಳಕ್ಕಿಂತ ಗಟ್ಟಿ ಇರುತ್ತವೆ, ಮಳೆ ಬಂದರೆ ನೀರೂ ನಿಲ್ಲುವುದಿಲ್ಲ. ಅಡ್ಡ ಪಟ್ಟಿಗಳಿಗೆ ಕಂಬಳಿ ಬೇಡ, ಜಾರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಹಳೆ ಲಾರಿ ಟ್ಯೂಬ್ ಕೇಳಿ ತಂದು ಸುತ್ತಿ. ರಬ್ಬರ್ ಹಿಡಿದಷ್ಟು ಬೇರೆ ಯಾವುದೂ ಹಿಡಿಯುವುದಿಲ್ಲ. ಕಯಾಕಿನ ಸೀಟು ಬಿಚ್ಚಿ ಕಾರಿನೊಳಗೆ ಹಾಕಿ. ಹುಟ್ಟು, ಲೈಫ್ ಜಾಕೆಟ್ ಕೂಡ ಒಳಗೇ.

ಪಟ್ಟಿ ಕಟ್ಟುವ ಕ್ರಮ: ಕಯಾಕಿನ ಮೇಲಿಂದ ಆಚೆಗೆ ಹಾಕಿ, ಅಡ್ಡ ಪಟ್ಟಿಯ ಕೆಳಗಿಂದ ಸುತ್ತಿ, ಮತ್ತೆ ಮೇಲಿಂದ ಈಚೆಗೆ ತಂದು, ಈ ಬದಿಯ ಅಡ್ಡ ಪಟ್ಟಿಯ ಕೆಳಗೆ ತೂರಿಸಿ ಬಕಲ್‌ಗೆ ಹಾಕಿ. ಸುತ್ತುವಾಗ ಕಯಾಕಿಗೆ ಒತ್ತಿಕೊಂಡೇ ಸುತ್ತಿ, ಅಡ್ಡ ಪಟ್ಟಿಯ ತುದಿಯಲ್ಲಿ ಬೇಡ. ಎಳೆಯುವಾಗ ಕೆಳಮುಖವಾಗಿ ಎಳೆಯಿರಿ. ಆಮೇಲೆ ಮೂತಿ ಹಿಡಿದು ಅಲ್ಲಾಡಿಸಿ. ಕಯಾಕ್ ಒಂದೇ ಅಲ್ಲಾಡಿದರೆ ಸಾಲದು. ಕಾರೂ ಅದರ ಜೊತೆ ತೂಗಬೇಕು. ಅಷ್ಟಾದರೆ ನಿಲ್ಲಿಸಿ, ಇನ್ನೊಂದು ಎಳೆತ ಬೇಡ.

ಈಗ ಮುಂದೆ ಒಂದು, ಹಿಂದೆ ಒಂದು ಹಗ್ಗ. ಇದನ್ನು ಬಹಳ ಜನ ಬಿಡುತ್ತಾರೆ, ನೀವು ಬಿಡಬೇಡಿ. ಛಾವಣಿಯ ಪಟ್ಟಿಯೇ ಕಿತ್ತು ಬಂದರೂ ಕಯಾಕ್ ಹಿಂದಿನವರ ಮೇಲೆ ಹಾರದಂತೆ ಹಿಡಿಯುವುದು ಇದೇ. ಜಾಕ್, ಪಾನಾ ಇಟ್ಟಿರುವ ಜಾಗದಲ್ಲಿ ಒಂದು ಕಬ್ಬಿಣದ ಎಳೆಯುವ ಕೊಂಡಿ ಇರುತ್ತದೆ. ಮುಂದಿನ ಬಂಪರಿನ ಚಿಕ್ಕ ಮುಚ್ಚಳ ತೆಗೆದು ಅದನ್ನು ತಿರುಪಿ ಪೂರ್ತಿ ಒಳಗೆ ಕೂರಿಸಿ. ಕೆಲವು ಕಾರುಗಳಲ್ಲಿ ಅದರ ತಿರುಪು ಉಲ್ಟಾ ಇರುತ್ತದೆ, ಬಲವಂತ ಮಾಡಬೇಡಿ. ಹಿಂದೆಯೂ ಕೆಳಗೆ ಬಗ್ಗಿದರೆ ಕೊಂಡಿ ಸಿಗುತ್ತದೆ.

ಗಂಟು ನಮ್ಮಪ್ಪ ಕಲಿಸಿದ್ದು. ಅವರು ಮೂವತ್ತು ವರ್ಷ ಅಡಿಕೆ ಮಂಡಿಯಲ್ಲಿ ಲೋಡಿಂಗ್ ಮಾಡಿದವರು. ಹಗ್ಗದ ಒಂದು ತುದಿ ಕಯಾಕಿನ ಮೂತಿಯ ಹಿಡಿಗೆ ಭದ್ರವಾಗಿ ಕಟ್ಟಿ. ಕೆಳಗೆ ಬರುವ ಹಗ್ಗದ ನಡುವೆ, ನಿಮ್ಮ ಎದೆಯ ಎತ್ತರದಲ್ಲಿ, ಹಗ್ಗವನ್ನು ಒಮ್ಮೆ ತಿರುಚಿ ಉಂಗುರ ಮಾಡಿ. ಆ ಉಂಗುರದೊಳಗೆ ಕೆಳಗಿನ ಹಗ್ಗದ ಒಂದು ಮಡಿಕೆ ತೂರಿಸಿ ಎಳೆದರೆ ಬಳೆಯಷ್ಟು ದೊಡ್ಡ ಕುಣಿಕೆ ನಿಲ್ಲುತ್ತದೆ. ಉಳಿದ ತುದಿಯನ್ನು ಬಂಪರಿನ ಕೊಂಡಿಗೆ ಹಾಯಿಸಿ, ಮೇಲೆ ತಂದು ಆ ಕುಣಿಕೆಯಲ್ಲಿ ತೂರಿಸಿ ಕೆಳಕ್ಕೆ ಎಳೆಯಿರಿ. ರಾಟೆ ಇದ್ದಂತೆ ಕೆಲಸ ಮಾಡುತ್ತದೆ. ಎಳೆದ ಜಾಗವನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದು ಎರಡು ಸುತ್ತು ಜೀರುಗುಣಿಕೆ ಹಾಕಿ. ಹಗ್ಗ ಮೀಟಿದರೆ ಠಣ್ ಅನ್ನುವಷ್ಟು ಬಿಗಿ ಬೇಡ. ಈ ಗಂಟಿಗೆ ಬಲ ಜಾಸ್ತಿ, ಎಳೆದರೆ ಕಯಾಕ್ ಬಾಳೆಕಾಯಿ ಹಾಗೆ ಬಾಗುತ್ತದೆ. ಜೋಲು ಇಲ್ಲದಷ್ಟು ಇದ್ದರೆ ಸಾಕು. ಮಿಕ್ಕ ಹಗ್ಗ ನೇತಾಡಲು ಬಿಡಬೇಡಿ. ಅದು ಚಕ್ರದ ಕೆಳಗೆ ಸಿಕ್ಕರೆ ಕಯಾಕನ್ನೇ ಕಿತ್ತು ಹಾಕುತ್ತದೆ.

ಹೊರಟ 20 ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ ನೋಡಿ. ಮೊದಲ ಅಲ್ಲಾಟಕ್ಕೆ ಎಲ್ಲ ಸ್ವಲ್ಪ ಕೂತಿರುತ್ತದೆ, ಅಲ್ಲಿ ಇನ್ನೊಮ್ಮೆ ಬಿಗಿ ಮಾಡಿ. ಆಮೇಲೆ ತಿಪಟೂರು, ಕಡೂರು. ಘಾಟಿ ಇಳಿಯುವ ಮುಂಚೆ ಮಾಸ್ತಿಕಟ್ಟೆಯಲ್ಲಿ ಕಡ್ಡಾಯ. ವೇಗ 80 ದಾಟಬೇಡಿ. 80ರಿಂದ 100ಕ್ಕೆ ಏರಿದರೆ ಗಾಳಿಯ ಒತ್ತಡ ಒಂದೂವರೆ ಪಟ್ಟು ದಾಟುತ್ತದೆ. ಹೇಗೂ ಶಿವಮೊಗ್ಗದಲ್ಲಿ ತಂಗುತ್ತೀರಿ ಅಂದಿರಿ. ಸಂಜೆ ಮೆಸೇಜ್ ಹಾಕಿ, ಬಂದು ಒಂದು ಸಲ ಕೈಯಾಡಿಸಿ ನೋಡುತ್ತೇನೆ.

---

ಮಳೆನಾಡಿಗ ಸಿಯಾಟಲ್‌ನಲ್ಲಿ

ಮೇಲಿನವರು ಬರೆದದ್ದು ಎಲ್ಲ ಸರಿ. ಇಲ್ಲಿ ಬೇಸಿಗೆ ಬಂತೆಂದರೆ ಮೂರು ಕಾರಿಗೊಂದರ ಮೇಲೆ ಕಯಾಕ್ ಇದೆಯೇನೋ ಅನ್ನಿಸುತ್ತದೆ. ನನ್ನದು ಎರಡು ಮಾತು.

ಪಟ್ಟಿ ಚಪ್ಪಟೆಯಾಗಿ ಗಾಳಿಗೆ ಸಿಕ್ಕರೆ 60 ದಾಟುತ್ತಲೇ ಗುಂಯ್ ಅನ್ನಲು ಶುರು ಮಾಡುತ್ತದೆ. ಕಯಾಕಿಗೂ ಅಡ್ಡ ಪಟ್ಟಿಗೂ ನಡುವೆ ಗಾಳಿಯಲ್ಲಿ ನಿಂತ ಭಾಗಕ್ಕೆ ಒಂದು ತಿರುವು ಕೊಡಿ, ಸದ್ದು ನಿಲ್ಲುತ್ತದೆ. ಕಯಾಕಿನ ಮೈಮೇಲೆ ಇರುವ ಭಾಗ ಮಾತ್ರ ಚಪ್ಪಟೆಯಾಗಿಯೇ ಇರಲಿ. ಬರೀ ಸದ್ದಿನ ವಿಷಯ ಅಲ್ಲ ಇದು. ಆ ಗುಂಯ್ ಇದ್ದರೆ ನಿಜವಾಗಿ ಏನಾದರೂ ಸಡಿಲವಾಗಿ ಬಡಿದುಕೊಂಡಾಗ ಕೇಳಿಸುವುದೇ ಇಲ್ಲ.

ಇನ್ನೊಂದು, ಎತ್ತರ. ತಲೆ ಮೇಲೆ ಕಯಾಕ್ ಇರುವುದು ಎರಡು ಗಂಟೆ ಓಡಿಸಿದ ಮೇಲೆ ಮರೆತೇ ಹೋಗುತ್ತದೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟು, ಹೋಟೆಲ್ ಕಮಾನು, ರೈಲ್ವೆ ಅಂಡರ್‌ಪಾಸ್. ನೆಲದಿಂದ ಕಯಾಕಿನ ತುದಿವರೆಗೆ ಟೇಪ್ ಹಿಡಿದು ಅಳೆದು, ಸಂಖ್ಯೆ ಬರೆದು ಸ್ಟೀರಿಂಗ್ ಎದುರಿಗೆ ಅಂಟಿಸಿ. ನಾನು ಈಗಲೂ ಹಾಗೇ ಮಾಡುತ್ತೇನೆ.

---

ಸೌಪರ್ಣಿಕಾ ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪುಸ್ತಕ ನೋಡಿದೆ. ರೈಲಿನ ಮೇಲೆ ಭಾರ ಹಾಕಬೇಡಿ ಅಂತ ಸ್ಪಷ್ಟವಾಗಿ ಬರೆದಿದೆ! ಮೂರು ವರ್ಷದಿಂದ ಆ ಪುಸ್ತಕ ಡ್ಯಾಶ್‌ಬೋರ್ಡಿನಲ್ಲೇ ಇತ್ತು. ಬಾಗಿಲ ಚೌಕಟ್ಟಿಗೆ ಕಚ್ಚುವ ಪಟ್ಟಿಗೆ ಹೇಳಿದ್ದೇನೆ. ಎರಡು ಪ್ರಶ್ನೆ. ಒಬ್ಬಳೇ 28 ಕೆಜಿ ಮೇಲೆ ಎತ್ತುವುದು ಹೇಗೆ? ಪೊಲೀಸರು ಹಿಡಿದರೆ?

---

ತುಂಗಾ ದಂಡೆ

ಎತ್ತಬೇಡಿ, ತಳ್ಳಿ. ಕಾರಿನ ಹಿಂದೆ ಉದ್ದಕ್ಕೆ ಕಯಾಕನ್ನು ಕವುಚಿ ಮಲಗಿಸಿ. ಹಿಂದಿನ ಗಾಜಿನ ಮೇಲಂಚಿಗೆ ಬಚ್ಚಲಿಗೆ ಹಾಕುವ ರಬ್ಬರ್ ಮ್ಯಾಟ್ ಹಾಸಿ. ಮೂತಿ ಮಾತ್ರ ಎತ್ತಿ ಮ್ಯಾಟಿನ ಮೇಲೆ ಇಡಿ. ಆಮೇಲೆ ಹಿಂದಕ್ಕೆ ಹೋಗಿ ಬಾಲ ಎತ್ತಿ ಮುಂದಕ್ಕೆ ತಳ್ಳಿದರೆ ಪಟ್ಟಿಗಳ ಮೇಲೆ ಜಾರಿಕೊಂಡು ಹೋಗುತ್ತದೆ. ಒಂದು ಸಲಕ್ಕೆ ನಿಮ್ಮ ಕೈಗೆ ಬರುವುದು ಅರ್ಧ ಭಾರ ಮಾತ್ರ. ಹಿಂದಿನ ವೈಪರ್ ಇದ್ದರೆ ಮೇಲೆ ಸಿಕ್ಕದಂತೆ ನೋಡಿಕೊಳ್ಳಿ.

ಪೊಲೀಸರ ವಿಷಯ. ಗಾಡಿಯಿಂದ ಸಾಮಾನು ಮಿತಿ ಮೀರಿ ಹೊರಗೆ ಚಾಚಿದ್ದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಬರೆದಿರುವ ದಂಡ 20,000 ರೂಪಾಯಿ. ಆದರೆ ನಿಮ್ಮ 12 ಅಡಿ ಅಂದರೆ ಸುಮಾರು 3.66 ಮೀಟರ್. ನಾಲ್ಕು ಮೀಟರಿಗೆ ಹತ್ತಿರದ ಕಾರಿನ ಮೇಲೆ ನಡುಮಧ್ಯ ಇಟ್ಟರೆ ಮುಂದೆಯೂ ಹಿಂದೆಯೂ ಬಂಪರ್ ದಾಟುವುದಿಲ್ಲ. 14 ಅಡಿಯದಾಗಿದ್ದರೆ ಬೇರೆ ಮಾತು. ಆದರೂ ಬಾಲಕ್ಕೆ ಒಂದು ಕೆಂಪು ಬಟ್ಟೆ ಕಟ್ಟಿ. ಹಿಂದಿನ ಲಾರಿಯವನಿಗೆ ಕಾಣಬೇಕು.

---

ತ್ರಾಸಿ ತೀರ

ನಾನು ನಿಮ್ಮ ಪಕ್ಕದೂರಿನವನು ಅಕ್ಕ. ಮರವಂತೆಯ ಬಗ್ಗೆ ಹೇಳುತ್ತೇನೆ. ಹೆದ್ದಾರಿ 66ರಲ್ಲಿ ಆ ಒಂದು ತುಂಡು ನಿಮಗೆ ಗೊತ್ತೇ ಇದೆ, ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ನೇರ ಎಡಗಡೆಯಿಂದ ಹೊಡೆಯುತ್ತದೆ. ಕಾರು ಬಲಕ್ಕೆ ಸರಿದ ಹಾಗೆ ಆಗುತ್ತದೆ. ಬಸ್ಸು ಪಕ್ಕದಲ್ಲಿ ಹಾದು ಹೋದಾಗ ಅದರ ಗಾಳಿಯೂ ರಪ್ ಅಂತ ಬಡಿಯುತ್ತದೆ. 50ರಲ್ಲಿ ಬನ್ನಿ, ಎರಡೂ ಕೈ ಸ್ಟೀರಿಂಗ್ ಮೇಲಿರಲಿ. ಸಾಧ್ಯವಾದರೆ ಶಿವಮೊಗ್ಗ ಬೇಗ ಬಿಟ್ಟು ಬೆಳಿಗ್ಗೆ ಹತ್ತರೊಳಗೆ ದಾಟಿಬಿಡಿ. ಆಗ ಗಾಳಿ ಕಡಿಮೆ.

ಅಪ್ಪನಿಗೆ ಹೇಳಿ, ಹೊಳೆಯಲ್ಲಿ ಎಷ್ಟು ಬೇಕಾದರೂ ಹೋಗಲಿ. ಗಂಗೊಳ್ಳಿ ಅಳಿವೆ ಕಡೆ ಮಾತ್ರ ಇಳಿತದ ಹೊತ್ತಿನಲ್ಲಿ ಬೇಡ. ಮರದ ದೋಣಿಯ ಭಾರ ಇದಕ್ಕಿಲ್ಲ, ಸೆಳೆತ ಎಳೆದುಕೊಂಡು ಹೋಗುತ್ತದೆ. ಅವರಿಗೆ ಗೊತ್ತಿರುತ್ತದೆ, ಆದರೂ ಹೇಳಿ.

---

ಸೌಪರ್ಣಿಕಾ ಮಗಳು

ಬಂದು ಮುಟ್ಟಿದೆವು. ನಾನು, ಕಯಾಕ್ ಇಬ್ಬರೂ ಕ್ಷೇಮ.

ಶನಿವಾರ ಬೆಳಿಗ್ಗೆ ಐದೂವರೆಗೆ ಬೆಂಗಳೂರು ಬಿಟ್ಟೆ. ನೆಲಮಂಗಲ ದಾಟಿ ನಿಲ್ಲಿಸಿ ನೋಡಿದರೆ ಹಿಂದಿನ ಪಟ್ಟಿ ಎರಡು ಬೆರಳು ತೂರುವಷ್ಟು ಸಡಿಲ ಆಗಿತ್ತು. ಮನೆ ಮುಂದೆ ಕಲ್ಲಿನ ಹಾಗೆ ಬಿಗಿದದ್ದು! ಅಲ್ಲೇ ಮತ್ತೆ ಎಳೆದೆ. ಆಮೇಲೆ ಶಿವಮೊಗ್ಗದವರೆಗೆ ನಾಲ್ಕು ಸಲ ನಿಲ್ಲಿಸಿದೆ, ಒಂದಿಷ್ಟೂ ಅಲ್ಲಾಡಿರಲಿಲ್ಲ. ಡಾಬಸ್‌ಪೇಟೆ ಹತ್ತಿರ ನೆರಳು ನೋಡಿದೆ. ಮೂತಿ ಗಟ್ಟಿಯಾಗಿ ನಿಂತಿತ್ತು. ಆಗ ಸ್ವಲ್ಪ ಉಸಿರು ಬಂತು.

ತುಂಗಾ ದಂಡೆ ಅಣ್ಣ ಸಂಜೆ ಬಂದು ನೋಡಿದರು. ಮುಂದಿನ ಹಗ್ಗದಲ್ಲಿ ನಾನು ಕುಣಿಕೆಯನ್ನು ಉಲ್ಟಾ ತಿರುಚಿದ್ದೆ. ಬಿಚ್ಚಿ, ನನ್ನ ಕೈಯಲ್ಲೇ ಮೂರು ಸಲ ಕಟ್ಟಿಸಿ, ಚಹಾ ಕುಡಿದು ಹೋದರು. ಅಣ್ಣ, ನೀವು ಬಂದಿರದಿದ್ದರೆ ನನಗೆ ಘಾಟಿಗೆ ಧೈರ್ಯ ಇರುತ್ತಿರಲಿಲ್ಲ.

ಹುಲಿಕಲ್‌ನಲ್ಲಿ ಮಂಜು. ತಿರುವಿನಲ್ಲಿ ಮರದ ಕೊಂಬೆಯೊಂದು ಕಯಾಕಿನ ತಳಕ್ಕೆ ಸವರಿದ ಸದ್ದು ಬಂತು, ಗೀರು ಬಿಟ್ಟರೆ ಏನೂ ಆಗಿಲ್ಲ. ಮರವಂತೆ ದಾಟುವಾಗ ಒಂಬತ್ತೂವರೆ. ಸಮುದ್ರ ಮಲಗಿದ ಹಾಗಿತ್ತು.

ಮನೆಯಲ್ಲಿ ಅಪ್ಪ ಮೊದಲು ಕಯಾಕ್ ನೋಡಲಿಲ್ಲ, ಮುಂದಿನ ಗಂಟು ನೋಡಿದರು. ತುದಿ ಹಿಡಿದು ಒಂದೇ ಎಳೆತಕ್ಕೆ ಬಿಚ್ಚಿ, "ಇದು ಯಾರು ಕಟ್ಟಿದ್ದು?" ಅಂದರು. ನಾನೇ ಅಂದೆ. ಮತ್ತೆ ಕಟ್ಟಿ ತೋರಿಸು ಅಂದರು. ತೋರಿಸಿದೆ.

ಒಂದು ಸಹಾಯ ಬೇಕು. ಕಯಾಕನ್ನು ಕೊಟ್ಟಿಗೆಯಲ್ಲಿ ತೊಲೆಗೆ ನೇತು ಹಾಕೋಣ ಅಂತ ಅಪ್ಪ ಹೇಳುತ್ತಿದ್ದಾರೆ. ಎರಡು ಕಡೆ ಅಗಲ ಪಟ್ಟಿಯಲ್ಲಿ ತೂಗು ಹಾಕಿದರೆ ಸಾಕಾ, ಅಥವಾ ಮೂರು ಬೇಕಾ? ಮಳೆಗಾಲ ಪೂರ್ತಿ ಅಲ್ಲೇ ಇರುತ್ತದೆ.

---

ತುಂಗಾ ದಂಡೆ

ಎರಡು ಸಾಕು. ನಾಲ್ಕು ಬೆರಳು ಅಗಲದ ಪಟ್ಟಿ ಹಾಕಿ, ಎರಡೂ ತುದಿಯಿಂದ ಮೂರು ಅಡಿ ಒಳಗೆ. ಹಿಡಿಗಳಿಗೆ ಹಗ್ಗ ಕಟ್ಟಿ ನೇತು ಹಾಕಬೇಡಿ, ನಡು ಬಾಗುತ್ತದೆ. ಹಂಚಿನಿಂದ ಬಿಸಿಲು ಬೀಳದ ಜಾಗ ನೋಡಿ. ನೀರು ತೆಗೆಯುವ ಬಿರಡೆ ಬಿಚ್ಚಿಡಿ, ಒಳಗೆ ಗಾಳಿ ಆಡಲಿ. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.